ಕರಿಮದ್ದಿನ ಕೋವಿ ತೊಳೆಯುವುದು ಹೇಗೆ: ಮೊದಲು ನೀರು, ಆಮೇಲೆ ಎಣ್ಣೆ

ಸಂಜೆ ಈಡು ಹೊಡೆದ ಕೋವಿಯನ್ನು ನಾಳೆ ತೊಳೆದರಾಯಿತು ಎಂದು ಮೂಲೆಗೆ ಒರಗಿಸಿಟ್ಟರೆ, ಗಾಳಿಯಲ್ಲಿ ತೇವವಿರುವ ದಿನಗಳಲ್ಲಿ ಬೆಳಗಾಗುವಷ್ಟರಲ್ಲಿ ನಳಿಗೆಯೊಳಗೆ ತುಕ್ಕು ಶುರುವಾಗಿರುತ್ತದೆ. ಬಾಯಿಯಿಂದ ಮದ್ದು ತುಂಬುವ ಕೋವಿಗೆ ಒಂದೇ ಕಟ್ಟುನಿಟ್ಟು: ಹೊಡೆದ ದಿನವೇ ತೊಳೆಯಬೇಕು, ನೀರಿನಿಂದಲೇ ತೊಳೆಯಬೇಕು.

ನೀರೇ ಯಾಕೆ ಎಂಬುದು ಮದ್ದಿನಲ್ಲೇ ಇದೆ. ಕರಿಮದ್ದಿನಲ್ಲಿ ಸುಮಾರು 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ. ಉರಿದಾಗ ಇದು ಪೂರ್ತಿ ಹೊಗೆಯಾಗಿ ಹೋಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಘನವಸ್ತುವಾಗುತ್ತದೆ. ಅದರಲ್ಲಿ ಒಂದಷ್ಟು ಹೊಗೆಯ ಜೊತೆ ಹಾರಿಹೋಗಿ, ಉಳಿದದ್ದು ನಳಿಗೆಯ ಗೋಡೆಗೆ ಕಿಟ್ಟವಾಗಿ ಹಿಡಿಯುತ್ತದೆ. ಈ ಕಿಟ್ಟದಲ್ಲಿ ಹೆಚ್ಚಾಗಿ ಇರುವುದು ಪೊಟ್ಯಾಸಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಸಲ್ಫೇಟ್, ಪೊಟ್ಯಾಸಿಯಂ ಸಲ್ಫೈಡ್. ತೊಳೆಯುವಾಗ ಕೊಳೆತ ಮೊಟ್ಟೆಯ ವಾಸನೆ ಬರುವುದು ಈ ಸಲ್ಫೈಡಿನಿಂದ. ಕಿಟ್ಟ ಗಾಳಿಯ ತೇವವನ್ನು ಎಳೆದುಕೊಂಡು ಉಕ್ಕಿನ ಮೈಗೆ ಒದ್ದೆ ಬಟ್ಟೆಯಂತೆ ಅಂಟಿ ಕೂರುತ್ತದೆ, ತುಕ್ಕು ಹಿಡಿಸುವುದು ಅದೇ. ಈ ಲವಣಗಳೆಲ್ಲ ನೀರಿನಲ್ಲಿ ಸಲೀಸಾಗಿ ಕರಗುತ್ತವೆ, ಪೆಟ್ರೋಲಿಯಂ ಎಣ್ಣೆಯಲ್ಲಿ ಕರಗುವುದಿಲ್ಲ. ಕಿಟ್ಟದ ಮೇಲೆಯೇ ಎಣ್ಣೆ ಹಚ್ಚಿದರೆ ಟಾರಿನಂಥ ಅಂಟು ಹುಟ್ಟುತ್ತದೆ, ಅದರ ಅಡಿಯಲ್ಲಿ ತುಕ್ಕು ತನ್ನ ಪಾಡಿಗೆ ತಾನು ಬೆಳೆಯುತ್ತದೆ. ಕರಿಮದ್ದಿನ ಬದಲಿಗೆ ಬಳಸುವ ಪೈರೋಡೆಕ್ಸ್‌ನಂಥ ಪುಡಿಗಳಲ್ಲಿ ಪರ್‌ಕ್ಲೋರೇಟ್ ಇರುವುದರಿಂದ ಉಪ್ಪಿನ ಜಾತಿಯ ಕ್ಲೋರೈಡ್ ಉಳಿಯುತ್ತದೆ. ಅವುಗಳ ವಿಷಯದಲ್ಲಿ ಇನ್ನೂ ಒಂದು ಕೈ ಹೆಚ್ಚೇ ಜಾಗ್ರತೆ ಬೇಕು.

ಬೇಕಾಗುವ ಸಾಮಾನು

ಕೋವಿಯ ಜೊತೆ ಬರುವ ಮರದ ಗಜವನ್ನು, ಅಂದರೆ ನಳಿಗೆಯೊಳಗೆ ಇಳಿಸುವ ಉದ್ದ ಕೋಲನ್ನು, ಮದ್ದು ಜಡಿಯಲು ಮಾತ್ರ ಇಟ್ಟುಕೊಳ್ಳಿ. ತೊಳೆಯಲು ಫೈಬರ್‌ಗ್ಲಾಸ್, ಹಿತ್ತಾಳೆ ಅಥವಾ ಸ್ಟೀಲಿನ ಬೇರೆ ಗಜ ಬೇಕು. ಮರದ ಗಜ ಎಳೆಯ ಓರೆಗೆ ಸೀಳಿ ಮುರಿಯುತ್ತದೆ, ಮುರಿದ ಚೂಪು ತುದಿ ಅಂಗೈಯನ್ನೇ ತೂರಿಬಿಡಬಹುದು. ಯಾವ ಗಜವಾದರೂ ನಳಿಗೆಯ ಬಾಯಿಂದ ಒಂದು ಗೇಣು ಮೇಲಕ್ಕೆ ಹಿಡಿದು, ಗೇಣು ಗೇಣಾಗಿ ತಳ್ಳಬೇಕು. ಲೋಹದ ಗಜಕ್ಕೆ ಬಾಯಿಯ ಬಳಿ ಹಿತ್ತಾಳೆಯ ಅಥವಾ ಪ್ಲಾಸ್ಟಿಕ್ಕಿನ ಕಾಪುಬಳೆ ಹಾಕಿ. ಗುಂಡು ಕೊನೆಗೆ ತಾಗಿ ಹೊರಡುವ ಜಾಗ ಬಾಯಿ. ಗುಂಡನ್ನು ತಿರುಗಿಸಿ ಬಿಡುವ ಅಲ್ಲಿನ ಒಳಗೀರುಗಳು ಒಂದು ಪಕ್ಕಕ್ಕೆ ಸವೆದರೆ ಗುರಿ ಕೆಡುತ್ತದೆ.

ಗಜದ ತುದಿಗೆ ಜ್ಯಾಗ್, ಅಂದರೆ ಬಟ್ಟೆ ಚೂರು ಹಿಡಿದುಕೊಳ್ಳುವ ಅಡ್ಡಗೆರೆಗಳ ಹಿತ್ತಾಳೆ ತುದಿ. ಅದು ಕೋವಿಯ ಅಳತೆಯದ್ದೇ ಆಗಿರಬೇಕು. .50 ಕ್ಯಾಲಿಬರಿನ ನಳಿಗೆ ಎಂದರೆ 12.7 ಮಿಲಿಮೀಟರ್, .45 ಎಂದರೆ 11.4, .54 ಎಂದರೆ 13.7. ಬಟ್ಟೆ ಅಪ್ಪಟ ಹತ್ತಿಯದ್ದಾಗಿರಲಿ. .50ರ ನಳಿಗೆಗೆ ಐದಾರು ಸೆಂಟಿಮೀಟರ್ ಚೌಕ ಸಾಕು. ಬಟ್ಟೆ ಸುತ್ತಿದ ಜ್ಯಾಗ್ ಕೈಯ ಒತ್ತಡಕ್ಕೆ ಬಿಗಿಯಾಗಿ ಇಳಿಯಬೇಕು. ತಾನಾಗಿ ಜಾರಿದರೆ ಬಟ್ಟೆ ತೆಳುವಾಯಿತು, ಬಡಿದು ಇಳಿಸಬೇಕಾದರೆ ದಪ್ಪವಾಯಿತು. ಇವಲ್ಲದೆ ಒಳಗೆ ಬಿದ್ದ ಬಟ್ಟೆ ಹಿಡಿದೆಳೆಯುವ ಸುರುಳಿ ಕೊಕ್ಕೆ, ನಿಪ್ಪಲ್ (ಬಡಿದರೆ ಸಿಡಿದು ಮದ್ದಿಗೆ ಕಿಡಿ ಕೊಡುವ ಸಣ್ಣ ಕೇಪನ್ನು ಕೂರಿಸುವ ತೂತಿನ ತುದಿ) ತಿರುಗಿಸುವ ಪಾನಾ, ತೂತು ಚುಚ್ಚುವ ತಂತಿ, ಹಳೆಯ ಹಲ್ಲುಜ್ಜುವ ಬ್ರಷ್, ಬಕೆಟ್ಟು, ಪಾತ್ರೆ ತೊಳೆಯುವ ದ್ರವ ಸೋಪು, ಒಳ್ಳೆಯ ಕೋವಿ ಎಣ್ಣೆ.

ಈಡು ಇದೆಯೋ ಇಲ್ಲವೋ ನೋಡಿ

ಬೇರೆಲ್ಲದಕ್ಕಿಂತ ಮೊದಲು ಇದು. ಈಡು ಎಂದರೆ ನಳಿಗೆಯೊಳಗೆ ತುಂಬಿದ ಮದ್ದು, ಗುಂಡು. ಈಡು ಇಲ್ಲವೆಂದು ಖಚಿತವಾಗಿ ಗೊತ್ತಿರುವ ದಿನ ಗಜವನ್ನು ಬುಡದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಸರಿಯಾಗಿ ಅದರ ಮೇಲೆ ಒಂದು ಗೆರೆ ಕೊರೆದಿಟ್ಟುಕೊಳ್ಳಿ. ಆಮೇಲೆ ಪ್ರತಿ ಸಲ ಕೇಪು ತೆಗೆದು, ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತುವ ಕೋವಿಯಾದರೆ ಕಿಡಿ ಬೀಳುವ ಮದ್ದಿನ ಬಟ್ಟಲು ಒರೆಸಿ, ಗಜ ಇಳಿಸಿ. ಗೆರೆ ಬಾಯಿಯ ಮಟ್ಟಕ್ಕೆ ಬಂದರೆ ನಳಿಗೆ ಖಾಲಿ. ಎರಡು ಬೆರಳು ಮೇಲೆ ನಿಂತರೆ ಒಳಗೆ ಏನೋ ಇದೆ. ಈಡಿರುವ ಕೋವಿಯನ್ನು ಮನೆಯೊಳಗೆ ಬಿಚ್ಚಬೇಡಿ. ಗುರಿ ಹೊಡೆಯುವ ಜಾಗದಲ್ಲೇ ಹೊಡೆದು ಖಾಲಿ ಮಾಡಿ, ಇಲ್ಲವೇ ನಿಪ್ಪಲ್ಲಿನ ಕಡೆಯಿಂದ ಇಂಗಾಲದ ಡೈಆಕ್ಸೈಡ್ ಅನಿಲ ಊದಿ ಈಡನ್ನು ಹೊರಗೆ ತಳ್ಳುವ ಉಪಕರಣ ಬಳಸಿ. ಆಗಲೂ ಬಾಯಿಯ ಎದುರಿಗೆ ಮುಖವಾಗಲಿ ಕೈಯಾಗಲಿ ಇರಕೂಡದು.

ನಳಿಗೆ

ನಳಿಗೆ ಕೋವಿಯ ಮರದ ಭಾಗಕ್ಕೆ ಬೆಣೆಯಿಂದ ಕೂತಿದ್ದರೆ ಕೆಲಸ ಸುಲಭ. ಕುದುರೆಯನ್ನು, ಅಂದರೆ ಟ್ರಿಗರ್ ಒತ್ತಿದಾಗ ಬಂದು ಬಡಿಯುವ ಸುತ್ತಿಗೆಯನ್ನು, ಅರ್ಧಕ್ಕೆ ಎಳೆದು ನಿಲ್ಲಿಸಿ, ಬೆಣೆಯನ್ನು ಅದರ ಸಣ್ಣ ತುದಿಯ ಕಡೆಯಿಂದ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಹೊರತೆಗೆಯಿರಿ. ಬಾಯಿ ಕಡೆಯಿಂದ ಎತ್ತಿದರೆ ಬುಡದ ಕೊಕ್ಕೆ ತಾನಾಗಿ ಕಳಚಿ ನಳಿಗೆ ಕೈಗೆ ಬರುತ್ತದೆ. ನಿಪ್ಪಲ್ ಬಿಚ್ಚಿ ಸೋಪುನೀರಿನ ಬಟ್ಟಲಿಗೆ ಹಾಕಿಡಿ.

ಬಕೆಟ್ಟಿನಲ್ಲಿ ಎರಡು ಮೂರು ಲೀಟರ್ ನೀರಿಗೆ ನಾಲ್ಕೈದು ತೊಟ್ಟು ಸೋಪು. ಕುದಿಯುವ ನೀರು ಹಾಕುವವರಿದ್ದಾರೆ. ಬಿಸಿಯಾದ ನಳಿಗೆ ಬೇಗ ಒಣಗುತ್ತದೆ ಎಂಬುದು ಅವರ ವಾದ, ಅದು ನಿಜವೂ ಹೌದು. ಆದರೆ ಕಾದ ಬೆತ್ತಲೆ ಉಕ್ಕಿನ ಮೇಲೆ ನೀರು ಆರುತ್ತಿದ್ದಂತೆಯೇ ಕಿತ್ತಳೆ ಬಣ್ಣದ ತೆಳು ತುಕ್ಕು ಮೂಡುತ್ತದೆ. ಈ ಲವಣಗಳಿಗೆ ಅಷ್ಟು ಬಿಸಿ ಬೇಕೇ ಇಲ್ಲ, ಉಗುರುಬೆಚ್ಚಗಿನ ನೀರು ಸಾಕು. ನೀರಿಗೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸುವ ಪಾಕವೊಂದು ಓಡಾಡುತ್ತಿದೆ. ನೊರೆ ಚೆನ್ನಾಗಿ ಬರುತ್ತದೆ, ಆದರೆ ಅದೇ ದ್ರವ ಉಕ್ಕಿಗೂ ತುಕ್ಕು ಹಿಡಿಸುತ್ತದೆ. ಅದನ್ನು ದೂರವೇ ಇಡಿ.

ನಳಿಗೆಯ ಬುಡವನ್ನು ಬಕೆಟ್ಟಿನೊಳಗೆ ನಿಲ್ಲಿಸಿ. ಒದ್ದೆ ಬಟ್ಟೆ ಸುತ್ತಿದ ಜ್ಯಾಗನ್ನು ಬುಡದವರೆಗೆ ಇಳಿಸಿ, ನಿಧಾನವಾಗಿ ಮೇಲಕ್ಕೆ ಎಳೆಯಿರಿ. ಪಿಚಕಾರಿಯ ಹಾಗೆ ನಿಪ್ಪಲ್ಲಿನ ತೂತಿನಿಂದ ನೀರು ಒಳಕ್ಕೆ ಎಳೆದುಕೊಳ್ಳುವುದು ಕೈಗೇ ತಿಳಿಯುತ್ತದೆ. ಕೆಳಕ್ಕೆ ಒತ್ತಿದರೆ ಕಪ್ಪು ನೀರು ಅದೇ ತೂತಿನಿಂದ ಚಿಮ್ಮುತ್ತದೆ. ಮೊದಲ ನಾಲ್ಕೈದು ಎಳೆತಕ್ಕೇ ಬಕೆಟ್ಟಿನ ನೀರು ಮಸಿಯಾಗುತ್ತದೆ. 15ರಿಂದ 20 ಸಲ ಎಳೆದ ಮೇಲೆ ನೀರು ಚೆಲ್ಲಿ, ಸೋಪಿಲ್ಲದ ಹೊಸ ನೀರಿನಲ್ಲಿ ಇನ್ನೊಂದು ಸುತ್ತು ಮಾಡಿ. ನೀರು ತಿಳಿಯಾಗಿ ಹೊರಬರುವವರೆಗೆ ಬಿಡಬೇಡಿ. ಮೇಲೆ ಎಳೆದಾಗ ನೀರು ಏರದಿದ್ದರೆ ಒಂದೋ ಬಟ್ಟೆ ಸಡಿಲ, ಇಲ್ಲವೇ ಬುಡದ ಸಣ್ಣ ದಾರಿ ಕಟ್ಟಿದೆ. ದಾರಿ ಕಟ್ಟಿದ್ದರೆ ತಂತಿಯಿಂದ ಬಿಡಿಸಿ.

ಎಷ್ಟೋ ಕೋವಿಗಳ ಬುಡದಲ್ಲಿ ಮದ್ದು ಕೂರುವ ಗೂಡು ನಳಿಗೆಗಿಂತ ಸಣ್ಣದಾಗಿರುತ್ತದೆ. ಜ್ಯಾಗ್ ಆ ಗೂಡಿನ ಅಂಚಿಗೇ ನಿಂತುಬಿಡುತ್ತದೆ. ಬಟ್ಟೆ ಬೆಳ್ಳಗೆ ಬರುತ್ತಿದ್ದರೂ ಒಳಗೆ ಕಿಟ್ಟ ಹಾಗೇ ಇರುತ್ತದೆ, ಮುಂದಿನ ಸಲ ಕೇಪು ಸಿಡಿದರೂ ಈಡು ಹತ್ತುವುದಿಲ್ಲ. ಇಂಥ ಬುಡಕ್ಕೆ ಸುಮಾರು 8 ಮಿಲಿಮೀಟರಿನ ಸಣ್ಣ ಬ್ರಷ್ಷಿಗೆ ಬಟ್ಟೆ ಸುತ್ತಿ, ಕೊನೆಯವರೆಗೆ ಇಳಿಸಿ ತಿರುಗಿಸಬೇಕು. ಗಜಕ್ಕೆ ಜ್ಯಾಗ್ ಹಾಕಿ ಅಳೆದದ್ದನ್ನೂ ಸಣ್ಣ ಬ್ರಷ್ ಹಾಕಿ ಅಳೆದದ್ದನ್ನೂ ಹೋಲಿಸಿದರೆ ನಿಮ್ಮ ಕೋವಿಯಲ್ಲಿ ಈ ಗೂಡು ಇದೆಯೇ ಎಂಬುದು ತಿಳಿಯುತ್ತದೆ.

ನಳಿಗೆಯನ್ನು ಮರಕ್ಕೆ ಪಿನ್ನು ಹೊಡೆದು ಕೂರಿಸಿದ ಉದ್ದ ಕೋವಿಯನ್ನು ಪ್ರತಿ ಸಲ ಬಿಚ್ಚಬಾರದು. ಪಿನ್ನಿನ ತೂತು ಸಡಿಲವಾಗುತ್ತದೆ, ಮುಂಭಾಗದ ತೆಳು ಮರ ಸೀಳುತ್ತದೆ. ಪಕ್ಕದ ಕಿಡಿ ತೂತಿಗೆ ಮೊನಚು ಮರದ ಕಡ್ಡಿ ಸಿಕ್ಕಿಸಿ, ಸುತ್ತ ಬಟ್ಟೆ ಒತ್ತಿ, ಬಾಯಿಯಿಂದ ಅರ್ಧ ನಳಿಗೆ ನೀರು ಹೊಯ್ಯಿರಿ. ಹೆಬ್ಬೆರಳಿನಿಂದ ಬಾಯಿ ಮುಚ್ಚಿ ಹಿಂದೆ ಮುಂದೆ ಓಲಾಡಿಸಿ, ಐದು ನಿಮಿಷ ನಿಲ್ಲಿಸಿ ಚೆಲ್ಲಿ. ಚೆಲ್ಲುವಾಗ ಕೋವಿಯನ್ನು ಮಗುಚಿ ಹಿಡಿದರೆ ಕಪ್ಪು ನೀರು ಮರದ ಮೇಲೆ ಇಳಿಯುವುದಿಲ್ಲ. ಇಂಥ ಮೂರು ನಾಲ್ಕು ಸುತ್ತಿಗೆ ನೀರು ತಿಳಿಯಾಗುತ್ತದೆ. ಬುಡದಲ್ಲಿ ತಿರುಪಿನ ಮುಚ್ಚಳವಿರುವ ಇನ್‌ಲೈನ್ ಕೋವಿಗಳಲ್ಲಿ ಮುಚ್ಚಳ ಬಿಚ್ಚಿ ಈ ಕಡೆಯಿಂದ ಆ ಕಡೆಗೆ ತೊಳೆದರಾಯಿತು. ಮತ್ತೆ ಹಾಕುವಾಗ ತಿರುಪಿನ ಹಲ್ಲಿಗೆ ಆಂಟಿ-ಸೀಜ್ ಗ್ರೀಸ್ ಹಚ್ಚುವುದನ್ನು ಮರೆತರೆ ಮುಂದಿನ ಸಲ ಮುಚ್ಚಳ ಜಪ್ಪಯ್ಯ ಎಂದರೂ ಬಿಚ್ಚುವುದಿಲ್ಲ.

ಜ್ಯಾಗ್ ಅರ್ಧ ದಾರಿಯಲ್ಲಿ ಕಚ್ಚಿಕೊಂಡರೆ ಗಾಬರಿ ಬೇಡ. ಒಣ ಬಟ್ಟೆ ಕಿಟ್ಟಕ್ಕೆ ಹಿಡಿದಿರುತ್ತದೆ ಅಷ್ಟೇ. ಬಾಯಿಯಿಂದ ಸೋಪುನೀರು ಹೊಯ್ದು ಹತ್ತು ನಿಮಿಷ ಬಿಡಿ, ಕಿಟ್ಟ ಮೆತ್ತಗಾಗಿ ಸಡಿಲ ಬಿಡುತ್ತದೆ. ಇಕ್ಕಳ ಹಾಕಿ ಗಜವನ್ನು ತಿರುಚಲು ಹೋದರೆ ತುದಿಯ ತಿರುಪು ಮುರಿದು ಒಳಗೇ ಉಳಿಯುತ್ತದೆ.

ಒಣಗಿಸುವುದು

ಹೆಚ್ಚಿನವರು ಎಡವುವುದು ಇಲ್ಲಿ. ತೊಳೆಯಲು ಅರ್ಧ ಗಂಟೆ ಕೊಟ್ಟು ಒಣಗಿಸಲು ಎರಡು ನಿಮಿಷ ಕೊಡುತ್ತಾರೆ. ಒಣ ಬಟ್ಟೆಗಳನ್ನು ಒಂದಾದ ಮೇಲೊಂದರಂತೆ ಇಳಿಸಿ, ಬುಡದಲ್ಲಿ ಎರಡು ಕ್ಷಣ ಒತ್ತಿ ಹಿಡಿದು ಎಳೆಯಿರಿ. ಐದಾರು ಬಟ್ಟೆಯಾದ ಮೇಲೆ ಬಟ್ಟೆಯನ್ನು ತುಟಿಗೆ ಮುಟ್ಟಿಸಿ ನೋಡಿ. ತಣ್ಣಗೆ ತಾಗಿದರೆ ಇನ್ನೂ ತೇವವಿದೆ. ಆಮೇಲೆ ಬಾಯಿ ಕೆಳಗೆ ಮಾಡಿ ಕಾಲು ಗಂಟೆ ನಿಲ್ಲಿಸಿದರೆ ಬುಡದ ಗೂಡಿನಲ್ಲಿ ಅಡಗಿದ್ದ ಹನಿಗಳು ಇಳಿದುಬರುತ್ತವೆ. ನಿಪ್ಪಲ್ ಕೂರುವ ದಾರಿಗೆ ಬಟ್ಟೆ ಸುತ್ತಿದ ತಂತಿ ಹಾಕಿ ಒಣಗಿಸಿ.

ಡಬ್ಲ್ಯೂಡಿ-40 ತರಹದ ಸ್ಪ್ರೇ ಮೂಲೆಯ ನೀರನ್ನು ಎಬ್ಬಿಸಿ ಹೊರಹಾಕಲು ಒಳ್ಳೆಯದು, ಆದರೆ ತಿಂಗಳುಗಟ್ಟಲೆ ಕಾಯುವ ಎಣ್ಣೆ ಅದಲ್ಲ. ಅದನ್ನು ಒರೆಸಿ ತೆಗೆದು ಆಮೇಲೆ ಕೋವಿ ಎಣ್ಣೆಯ ಬಟ್ಟೆ ಎಳೆಯಿರಿ. ಬಟ್ಟೆಯಲ್ಲಿ ಕಪ್ಪು ಬಂದರೆ ಕಿಟ್ಟ ಉಳಿದಿದೆ, ಮತ್ತೆ ನೀರಿಗೆ ಹೋಗಬೇಕು. ಕೆಂಗಂದು ಬಂದರೆ ಅದು ತುಕ್ಕು. ಆಗ ಹಳೆಯ ಬ್ರಷ್ಷಿಗೆ ಅತಿ ನುಣುಪಿನ 0000 ನಂಬರಿನ ಸ್ಟೀಲ್ ವುಲ್ ಸುತ್ತಿ ಎಣ್ಣೆಯಲ್ಲಿ ನೆನೆಸಿ ಹತ್ತಾರು ಸಲ ಎಳೆಯಬೇಕು. ಕಬ್ಬಿಣದ ಕಾವಲಿಯಂತೆ ನಳಿಗೆಯೂ ಪಳಗುತ್ತದೆ ಎಂದು ನಂಬಿ ಕಂದು ಪದರವನ್ನು ಉಳಿಸಿಕೊಳ್ಳುವವರಿದ್ದಾರೆ. ಉಕ್ಕಿನ ನಳಿಗೆ ಹಾಗೆ ಪಳಗುವುದಿಲ್ಲ, ಆ ಪದರ ಕಿಟ್ಟವೋ ತುಕ್ಕೋ ಆಗಿರುತ್ತದೆ.

ಲಾಕ್

ಕೇಪು ಸಿಡಿದಾಗಲೂ ಬಟ್ಟಲಿನ ಮದ್ದು ಹತ್ತಿದಾಗಲೂ ಹೊಗೆ ಲಾಕಿನ, ಅಂದರೆ ಕುದುರೆಯನ್ನು ಹಿಡಿದಿಟ್ಟು ಬಿಡುವ ಪಕ್ಕದ ಯಂತ್ರದ, ಹಿಂದಕ್ಕೆ ನುಗ್ಗುತ್ತದೆ. ಕುದುರೆಯನ್ನು ಅರ್ಧಕ್ಕೆ ನಿಲ್ಲಿಸಿ ಪಕ್ಕದ ತಿರುಪನ್ನು ನಾಲ್ಕು ಸುತ್ತು ಸಡಿಲಿಸಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಿರುಪಿನ ತಲೆಯ ಮೇಲೆ ಮೆಲ್ಲಗೆ ತಟ್ಟಿದರೆ ಲಾಕ್ ತಾನಾಗಿ ಮೇಲೆದ್ದು ಬರುತ್ತದೆ. ಅಂಚಿಗೆ ಚಾಕು ಹಾಕಿ ಮೀಟಬೇಡಿ, ಮರದ ಏಣು ಕಿತ್ತುಬಂದರೆ ಮತ್ತೆ ಕೂಡಿಸಲಾಗದು. ಕೈಯಲ್ಲಿರುವ ಲಾಕಿನ ಕುದುರೆಯನ್ನು ಎಳೆದು ಬಿಡಬೇಡಿ. ತಡೆಯಲು ನಿಪ್ಪಲ್ ಇಲ್ಲದೆ ಪೆಟ್ಟೆಲ್ಲ ಒಳಗಿನ ಭಾಗಗಳಿಗೆ ಬಿದ್ದು ಮುರಿಯಬಹುದು. ಲಾಕನ್ನು ಬಿಡಿಬಿಡಿಯಾಗಿ ಬಿಚ್ಚುವುದೂ ಬೇಡ. ಸೋಪುನೀರು, ಬ್ರಷ್, ತಿಳಿನೀರು, ಬಿಸಿಗಾಳಿ, ಆಮೇಲೆ ತಿರುಗುವ ಮತ್ತು ಉಜ್ಜುವ ಜಾಗಗಳಿಗೆ ಸೂಜಿ ತುದಿಯಿಂದ ಒಂದೊಂದು ತೊಟ್ಟು ಎಣ್ಣೆ, ಅಷ್ಟೇ. ಚಕಮಕಿ ಕಲ್ಲಿಗೂ ಅದು ಬಡಿಯುವ ಉಕ್ಕಿನ ಮುಖಕ್ಕೂ ಎಣ್ಣೆ ತಾಗಿದ್ದರೆ ಸ್ಪಿರಿಟ್ಟಿನಲ್ಲಿ ಒರೆಸಿ. ಜಿಡ್ಡಿದ್ದರೆ ಕಿಡಿ ಹುಟ್ಟುವುದಿಲ್ಲ. ಲಾಕ್ ಕೂರುವ ಮರದ ಗೂಡನ್ನು ಹಿಂಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಲಾಕ್ ಕೂರಿಸಿ. ಪಕ್ಕದ ತಿರುಪನ್ನು ಮೈಮೇಲೆ ಬಿದ್ದು ಬಿಗಿದರೆ ಒಳಗಿನ ತೋಳು ಮರಕ್ಕೆ ತಾಗಿ ಟ್ರಿಗರ್ ಬಿಗಿಯಾಗುತ್ತದೆ. ಹಿತವಾಗಿ ಕೂತರೆ ಸಾಕು.

ನೆನೆದ ನಿಪ್ಪಲ್ಲನ್ನು ಉಜ್ಜಿ, ತಂತಿ ತೂರಿಸಿ ಬೆಳಕಿಗೆ ಹಿಡಿಯಿರಿ. ತೂತು ದುಂಡಗೆ ಕಾಣಬೇಕು. ಹಲ್ಲಿಗೆ ಗ್ರೀಸ್ ಸವರಿ ಹಾಕಿ.

ಮರುದಿನ, ಮತ್ತೆ ಹೊಡೆಯುವ ದಿನ

ಮರುದಿನ ಬೆಳಿಗ್ಗೆ ಒಂದು ಒಣ ಬಟ್ಟೆ ಎಳೆದು ನೋಡಿ. ಕಂದು ಇದ್ದರೆ ಹೊಸದಾಗಿ ಎಣ್ಣೆ ಹಚ್ಚಿ. ವಾರದ ಮೇಲೆ ಇನ್ನೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಕೋವಿಯನ್ನು ಬಾಯಿ ಕೆಳಗಾಗಿ ಇಟ್ಟರೆ ಎಣ್ಣೆ ಬುಡಕ್ಕೆ ಇಳಿದು ದಾರಿ ಕಟ್ಟುವುದಿಲ್ಲ, ಮರಕ್ಕೂ ಹೀರುವುದಿಲ್ಲ.

ಹೊಡೆಯುವ ಮೊದಲು ಆ ಎಣ್ಣೆಯನ್ನೆಲ್ಲ ಸ್ಪಿರಿಟ್ಟಿನ ಬಟ್ಟೆಯಿಂದ ತೆಗೆದು ಒಣ ಬಟ್ಟೆ ಎಳೆಯಿರಿ. ತುಂಬುವಾಗ ಗುಂಡಿಗೆ ಸುತ್ತುವ ಬಟ್ಟೆಗೆ ಸವರುವ ಜಿಡ್ಡು ಜೇನುಮೇಣ, ಪ್ರಾಣಿಕೊಬ್ಬು ಅಥವಾ ಸಸ್ಯದೆಣ್ಣೆಯದ್ದಾದರೆ ಕಿಟ್ಟ ಮೆತ್ತಗಿರುತ್ತದೆ. ಈಡುಗಳ ನಡುವೆ ಹಸಿಬಟ್ಟೆಯ ಎರಡೂ ಮುಖಗಳಿಂದ ಒಂದೊಂದು ಸಲ, ಆಮೇಲೆ ಒಣಬಟ್ಟೆಯಿಂದ ಒಂದು ಸಲ ಒರೆಸಿದರೆ ಸಾಕು. ನೀರು ತೊಟ್ಟಿಕ್ಕುವ ಬಟ್ಟೆ ಕಿಟ್ಟವನ್ನು ಕೆಸರು ಮಾಡಿ ಬುಡಕ್ಕೆ ತಳ್ಳುತ್ತದೆ.

ಮೊದಲ ಈಡು ತುಂಬುವ ಮುಂಚೆ, ಖಾಲಿ ಕೋವಿಯ ಬಾಯಿಯನ್ನು ಹಸಿ ಎಲೆಯ ಅಥವಾ ಹುಲ್ಲಿನ ಹತ್ತಿರ ಹಿಡಿದು ಒಂದು ಕೇಪು ಸಿಡಿಸಿ. ಎಲೆ ಅಲುಗಿದರೆ ದಾರಿ ತೆರೆದಿದೆ. ಅಲುಗದಿದ್ದರೆ ಇನ್ನೆರಡು ಕೇಪು ಹಾಕಿ ನೋಡಿ. ಆಗಲೂ ಅಲುಗದಿದ್ದರೆ ನಿಪ್ಪಲ್ ಬಿಚ್ಚಿ ತಂತಿ ಹಾಕಿ, ಮದ್ದು ತುಂಬಬೇಡಿ. ಈಡು ತುಂಬಿದ ಮೇಲೆ ಕೇಪು ಸಿಡಿದೂ ಕೋವಿ ಹೊಡೆಯದಿದ್ದರೆ, ಕನಿಷ್ಠ ಒಂದು ನಿಮಿಷ ಬಾಯಿಯನ್ನು ಗುರಿಯ ಕಡೆಗೇ ಹಿಡಿದು ಅಲುಗದೆ ನಿಲ್ಲಿ. ತೇವ ತಾಗಿದ ಮದ್ದು ತಡವಾಗಿ ಹತ್ತಬಹುದು. ಆ ನಿಮಿಷ ಕಳೆದ ಮೇಲೆಯೇ ಹೊಸ ಕೇಪು.