ಶಾಲು ಹೊದಿಸಿಕೊಂಡ ಮೇಲೆ ಮತ್ತೆ ಬೂಟು ಕಟ್ಟಿದ್ದು

ಫುಟ್‌ಬಾಲ್ ಆಟಗಾರ ಸುನಿಲ್ ಚೆಟ್ರಿ ನಿವೃತ್ತಿ ಹಿಂಪಡೆದು ಭಾರತ ತಂಡಕ್ಕೆ ಮರಳುತ್ತಾರೆ ಎಂಬ ಸುದ್ದಿ 2025ರ ಮಾರ್ಚ್ 6ರಂದು ಬಂತು. ಅಂದು ಸಂಜೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಾವು ದಿನವೂ ಸೇರುವ ಮಿರ್ಚಿ ಅಂಗಡಿಯ ಮುಂದೆ ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ವಿರೋಧಿಸಿದವನು ನಾನು. "ಬೀಳ್ಕೊಡುಗೆ ಪಡೆದ ಮೇಲೆ ಜಾಗ ಬಿಡಬೇಕು" ಎಂದಿದ್ದೆ. ಜೂನ್ ತಿಂಗಳಲ್ಲಿ ಅದೇ ಅಂಗಡಿಯ ಮುಂದೆ ಜನ ಆ ಮಾತನ್ನು ನನಗೇ ಹೇಳಿದರು.

ನಾನು ಸರ್ಕಾರಿ ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಣ ಶಿಕ್ಷಕ. ಇಪ್ಪತ್ತೆರಡು ವರ್ಷ ನಮ್ಮ ಬಡಾವಣೆಯ ತಂಡದಲ್ಲಿ ಮುಂದಿನ ಸಾಲಿನಲ್ಲಿ ಆಡಿದ್ದೇನೆ. ಬಳ್ಳಾರಿ, ಹೊಸಪೇಟೆ, ಗಂಗಾವತಿ, ರಾಯಚೂರು, ಗಡಿಯಾಚೆ ಗುಂತಕಲ್ಲು, ಅನಂತಪುರ: ನನ್ನ ಆಟದ ಲೋಕ ಇಷ್ಟೇ. ಚೆಟ್ರಿ ಮತ್ತು ನಾನು ಒಂದೇ ವರ್ಷ, 1984ರಲ್ಲಿ ಹುಟ್ಟಿದವರು. ಹಾಗಾಗಿ ಅವರ ಆಟವನ್ನು ನಾನು ಬರೀ ಅಭಿಮಾನಿಯಾಗಿ ನೋಡಿದ್ದಿಲ್ಲ; ನನ್ನ ಮೊಣಕಾಲಿನ ಲೆಕ್ಕವನ್ನೂ ಅವರ ಓಟದ ಜೊತೆ ಇಟ್ಟುಕೊಂಡೇ ನೋಡಿದ್ದೇನೆ. ಅವರು ಆಡುವ ಬೆಂಗಳೂರು ಎಫ್‌ಸಿಯ ಒಡೆಯರ ಉಕ್ಕಿನ ಕಾರ್ಖಾನೆ ನಮ್ಮ ತೋರಣಗಲ್ಲಿನಲ್ಲೇ ಇದೆ. ಅದರಿಂದಲೋ ಏನೋ, ನಮ್ಮ ಹುಡುಗರು ಚೆಟ್ರಿಯನ್ನು ಪಕ್ಕದ ಊರಿನ ಅಣ್ಣನ ಹಾಗೆ ಮಾತನಾಡಿಸುತ್ತಾರೆ.

2024ರ ಜೂನ್ 6ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕುವೈತ್ ವಿರುದ್ಧ ಗೋಲಿಲ್ಲದೆ ಮುಗಿದ ಪಂದ್ಯ ಅವರ ವಿದಾಯದ ಪಂದ್ಯವಾಗಿತ್ತು. 151 ಪಂದ್ಯ, 94 ಗೋಲು. ಅವರು ಕಣ್ಣೊರೆಸಿಕೊಳ್ಳುತ್ತ ಮೈದಾನದಿಂದ ಹೊರಗೆ ಬಂದದ್ದನ್ನು ನೋಡಿ ನಾನೂ ನಿಶ್ಚಯಿಸಿದೆ. ಆಗಸ್ಟ್ 15ರ ಟೂರ್ನಿಯ ಕೊನೆಯ ದಿನ ನನಗೆ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಬೂಟುಗಳನ್ನು ಮನೆಯ ಅಟ್ಟಕ್ಕೆ ಹಾಕಿದೆ.

ಅಂಗಡಿಯ ಮುಂದಿನ ವಾದವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮುಂದೆ ನನಗೆ ಕೆಲಸಕ್ಕೆ ಬಂದದ್ದು ಅದೇ. ಭಾರತ 2023ರ ನವೆಂಬರ್ 16ರಂದು ಕುವೈತಿನಲ್ಲಿ ಗೆದ್ದದ್ದೇ ಕೊನೆ. 2024ರ ಇಡೀ ವರ್ಷ ಒಂದು ಗೆಲುವೂ ಇರಲಿಲ್ಲ. ಏಷ್ಯಾ ಕಪ್ ಅರ್ಹತಾ ಸುತ್ತು ಎದುರಿಗಿತ್ತು. ಇತ್ತ ದೇಶದ ಕ್ಲಬ್‌ಗಳ ಲೀಗ್ ಆದ ಐಎಸ್‌ಎಲ್‌ನಲ್ಲಿ ಚೆಟ್ರಿ ಆ ಹೊತ್ತಿಗೆ 12 ಗೋಲು ಹೊಡೆದು ಭಾರತೀಯರಲ್ಲೆಲ್ಲ ಮುಂದಿದ್ದರು. ಡಿಸೆಂಬರ್ 7ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಅವರು ಹ್ಯಾಟ್ರಿಕ್ ಹೊಡೆದಾಗ ನಮ್ಮ ಮೂವರು ಹುಡುಗರು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋಗಿ ಕಣ್ಣಾರೆ ನೋಡಿ ಬಂದಿದ್ದರು. ಗೋಲು ಹೊಡೆಯುವವನನ್ನು ಬಿಟ್ಟು ಜನ್ಮದಿನಾಂಕ ನೋಡುವುದು ಯಾವ ನ್ಯಾಯ ಎಂಬುದು ಅವರ ವಾದ. ನಲವತ್ತರವರು ಮರಳಿದರೆ ಇಪ್ಪತ್ತರವನನ್ನು ಯಾರು ನಂಬುತ್ತಾರೆ ಎಂಬುದು ನನ್ನದು.

ನನ್ನ ಮನಸ್ಸಿಗೆ ನಾಟಿದ್ದು ಮಾತ್ರ ಈ ಎರಡೂ ಅಲ್ಲ. ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರು ಮೂಲೆಯ ಬೆಂಚಿನಲ್ಲಿ ಕುಳಿತಿದ್ದರು. ಅವರು ಕೇಳಿದರು: "ಅವರು ಹೋಗುವಾಗ ನಾವು ಅತ್ತೆವಲ್ಲ, ಆ ಅಳುವನ್ನು ಏನು ಮಾಡೋಣ?" ಅದಕ್ಕೆ ಯಾರೂ ಉತ್ತರಿಸಲಿಲ್ಲ. ಬೀಳ್ಕೊಡುಗೆ ಆಟಗಾರನೊಬ್ಬನದೇ ಅಲ್ಲ, ಕಳಿಸಿಕೊಟ್ಟವರದೂ ಹೌದು. ಮರಳಿ ಬರುವವನು ಅವರ ಒಂದು ಭಾವನೆಯನ್ನು ಅವರನ್ನು ಕೇಳದೆ ವಾಪಸು ಪಡೆಯುತ್ತಾನೆ. ವಿರೋಧದ ಬಹುಪಾಲು ಅಲ್ಲಿಂದ ಹುಟ್ಟುತ್ತದೆ. ಆಟದ ಲೆಕ್ಕಾಚಾರ ಆಮೇಲೆ ಬಂದು ಸೇರಿಕೊಳ್ಳುತ್ತದೆ.

ಮಾರ್ಚ್ 19ರಂದು ಶಿಲ್ಲಾಂಗಿನಲ್ಲಿ ಮಾಲ್ಡೀವ್ಸ್ ವಿರುದ್ಧದ ಪಂದ್ಯ. ಹತ್ತು ಜನ ಒಂದೇ ಮೊಬೈಲಿಗೆ ಮುಗಿಬಿದ್ದು ನೋಡಿದೆವು. ರಾಹುಲ್ ಭೇಕೆ ಒಂದು, ಲಿಸ್ಟನ್ ಕೊಲಾಸೊ ಒಂದು. 76ನೇ ನಿಮಿಷದಲ್ಲಿ ಲಿಸ್ಟನ್ ಬದಿಯಿಂದ ಗೋಲಿನ ಮುಂದಕ್ಕೆ ಕಳಿಸಿದ ಕ್ರಾಸ್‌ಗೆ ಚೆಟ್ರಿ ತಲೆ ಕೊಟ್ಟರು: 95ನೇ ಗೋಲು. ನಾನು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಆರು ದಿನಗಳ ನಂತರ ಅದೇ ಊರಿನಲ್ಲಿ ಬಾಂಗ್ಲಾದೇಶದ ವಿರುದ್ಧ ಗೋಲೇ ಬರಲಿಲ್ಲ, 0-0. ಮೊದಲ ರಾತ್ರಿ "ಇವರಿಲ್ಲದೆ ಆಗದು" ಎಂದವರೇ ಎರಡನೆಯ ರಾತ್ರಿ "ಇನ್ನು ಸಾಕು" ಎಂದರು. ಮರಳಿದ್ದು ಸರಿಯೋ ತಪ್ಪೋ ಎಂಬುದನ್ನು ಪಂದ್ಯದ ಫಲಿತಾಂಶ ಹೇಳಲಾರದು ಎಂದು ನನಗೆ ಅನಿಸಲು ಶುರುವಾದದ್ದು ಆ ವಾರದಲ್ಲಿ.

ಜೂನ್ 10ರಂದು ಭಾರತ ಹಾಂಕಾಂಗ್‌ನಲ್ಲಿ ಕೊನೆಯ ಗಳಿಗೆಯ ಪೆನಾಲ್ಟಿಗೆ 0-1ರಿಂದ ಸೋತಿತು. ಅದೇ ವಾರ ನಮ್ಮ ತಂಡದ ನಾಯಕ ಮನೆಗೆ ಬಂದ. ನಾಲ್ಕು ಪಂದ್ಯಗಳಲ್ಲಿ ನಮ್ಮವರು ಒಂದೂ ಗೋಲು ಹೊಡೆದಿರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಮೂವರಲ್ಲಿ ಒಬ್ಬ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗಿದ್ದ, ಇನ್ನೊಬ್ಬನಿಗೆ ಮೊಣಕಾಲಿನ ಲಿಗಮೆಂಟ್ ಹರಿದಿತ್ತು. ಉಳಿದವನು ಹದಿನೆಂಟರ ಹುಡುಗ, ನನ್ನದೇ ಶಾಲೆಯ ಹಳೆಯ ವಿದ್ಯಾರ್ಥಿ. "ಅಣ್ಣಾ, ಆಗಸ್ಟ್ ಟೂರ್ನಿಗೆ ನೀವು ಬರಲೇಬೇಕು" ಎಂದ ನಾಯಕ. ನನ್ನ ಹೆಂಡತಿ ಚಹಾ ತಂದಿಟ್ಟು, "ಪೇಟ ಇನ್ನೂ ಬೀರುವಿನ ಮೇಲೇ ಇದೆ" ಎಂದಷ್ಟೇ ಹೇಳಿ ಒಳಗೆ ಹೋದಳು.

ಒಂದು ವಾರ ಸಮಯ ಕೇಳಿದೆ. ಆ ವಾರದಲ್ಲಿ ನಾನು ಮಾಡಿದ ಒಂದು ಕೆಲಸ ಉಳಿದೆಲ್ಲಕ್ಕಿಂತ ಮುಖ್ಯವಾಯಿತು: ಒಪ್ಪುವ ಮೊದಲೇ, ಹೊರಡುವ ದಿನವನ್ನು ಬರೆದಿಟ್ಟೆ. ಶಾಲೆಯ ಹಳೆಯ ಹಾಜರಿ ಪುಸ್ತಕದ ಹಿಂದಿನ ಹಾಳೆ ಹರಿದು, ಅಕ್ಟೋಬರ್ 31ರ ನಂತರ ಆಡುವುದಿಲ್ಲ ಎಂದು ಬರೆದೆ. ಯಾವ ಪಂದ್ಯದಲ್ಲೂ 60 ನಿಮಿಷ ದಾಟುವುದಿಲ್ಲ, ಅಂಕಿ ಏನೇ ಇರಲಿ. ನನ್ನ ಹಳೆಯ 9ನೇ ನಂಬರಿನ ಅಂಗಿ ಆ ಹುಡುಗನ ಬಳಿಯೇ ಇರುತ್ತದೆ. ಅವನು ನನ್ನ ಜೊತೆಯಲ್ಲೇ ಅಭ್ಯಾಸ ಮಾಡಬೇಕು, ನಾನು ಹೊರಗೆ ಬಂದಾಗ ಒಳಗೆ ಹೋಗಬೇಕಾದವನು ಅವನೇ. ನಾಯಕ ಓದಿ, ಅರವತ್ತು ನಿಮಿಷದ ಮಾತಿಗೆ ಮುಖ ಸಿಂಡರಿಸಿ, ಒಪ್ಪಿದ.

ಇನ್ನು ಮೈಯ ವಿಷಯ. ನಲವತ್ತು ದಾಟಿದವರು ಮೈದಾನಕ್ಕೆ ಮರಳುವುದಾದರೆ ಮೊದಲು ಹೋಗಬೇಕಾದದ್ದು ವೈದ್ಯರ ಬಳಿಗೆ. ನಾನು ಇಸಿಜಿ, ಟ್ರೆಡ್‌ಮಿಲ್ ಪರೀಕ್ಷೆ, ಸಕ್ಕರೆ, ರಕ್ತದೊತ್ತಡ ಎಲ್ಲ ಮಾಡಿಸಿದೆ. ತೂಕ 82 ಕಿಲೊ ಇತ್ತು. ವೈದ್ಯರು ಓಡಲು ಒಪ್ಪಿಗೆ ಕೊಟ್ಟರು, ಅವಸರಕ್ಕೆ ಕೊಡಲಿಲ್ಲ. ನಾನು ಅವಸರ ಮಾಡಿದೆ. ಎರಡನೆಯ ವಾರದಲ್ಲಿ ಮೂರು ದಿನ ಸತತವಾಗಿ ವೇಗದ ಓಟ ಓಡಿದ್ದಕ್ಕೆ ಎಡಗಾಲಿನ ಮೀನಖಂಡ ಹಿಡಿದುಕೊಂಡು ಒಂಬತ್ತು ದಿನ ಹಾಳಾದವು. ಇಪ್ಪತ್ತೈದರ ವಯಸ್ಸಿನಲ್ಲಿ ಒಂದು ರಾತ್ರಿಯ ನಿದ್ದೆ ಮಾಡುತ್ತಿದ್ದ ದುರಸ್ತಿಗೆ ಈಗ ಪೂರ್ತಿ ಎರಡು ದಿನ ಬೇಕು. ಅದನ್ನು ಒಪ್ಪಿಕೊಂಡ ಮೇಲೆ ಎಲ್ಲ ಸರಿಹೋಯಿತು: ವಾರಕ್ಕೆ ಎರಡೇ ದಿನ ಕಠಿಣ ಅಭ್ಯಾಸ, ನಡುವಿನ ದಿನಗಳಲ್ಲಿ ಕೋಟೆ ಗುಡ್ಡದ ಮೆಟ್ಟಿಲುಗಳನ್ನು ನಡೆದು ಹತ್ತುವುದು, ಒಂದು ದಿನ ಸಂಪೂರ್ಣ ಬಿಡುವು. ನಮ್ಮೂರಿನ ಬಿಸಿಲಿನಲ್ಲಿ ಬೆಳಿಗ್ಗೆ ಐದೂವರೆಗೆ ಶುರುಮಾಡಿ ಏಳರೊಳಗೆ ಮುಗಿಸಿದರೆ ಮಾತ್ರ ಅದು ಅಭ್ಯಾಸ. ಆಮೇಲಿನದು ಬರೀ ದಣಿವು.

ದೂರದ ಓಟಗಳನ್ನು ಬಿಟ್ಟುಬಿಟ್ಟೆ. ಹತ್ತರಿಂದ ಇಪ್ಪತ್ತು ಮೀಟರಿನ ಚುರುಕಾದ ಓಟ, ಪ್ರತಿಯೊಂದರ ನಡುವೆ ಉಸಿರು ಪೂರ್ತಿ ಮರಳುವಷ್ಟು ವಿರಾಮ. ತೊಡೆಯ ಹಿಂಭಾಗದ ಸ್ನಾಯುವಿಗೆ ನಾರ್ಡಿಕ್ ವ್ಯಾಯಾಮ: ಮೊಣಕಾಲೂರಿ ಕುಳಿತಾಗ ನನ್ನ ಮಗ ಹಿಂದಿನಿಂದ ಎರಡೂ ಪಾದ ಒತ್ತಿ ಹಿಡಿಯುತ್ತಿದ್ದ, ನಾನು ಮೈಯನ್ನು ನೆಟ್ಟಗೆ ಇಟ್ಟುಕೊಂಡು ಎಷ್ಟು ನಿಧಾನ ಸಾಧ್ಯವೋ ಅಷ್ಟು ನಿಧಾನವಾಗಿ ಮುಂದಕ್ಕೆ ಬಾಗುತ್ತಿದ್ದೆ. ಮೊದಲ ದಿನ ಮೂರಕ್ಕೇ ಕೈ ನೆಲ ಹಿಡಿಯಿತು. ಏಳನೆಯ ವಾರಕ್ಕೆ ಹತ್ತು ಮಾಡಿದೆ. ಮಿರ್ಚಿ ಬಿಟ್ಟೆ. ರಾತ್ರಿಗೆ ಎರಡು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಎರಡು ಮೊಟ್ಟೆ. ಟೂರ್ನಿಯ ಹೊತ್ತಿಗೆ ತೂಕ 76ಕ್ಕೆ ಇಳಿದಿತ್ತು.

ಕಾಲಿನ ವೇಗ ಮಾತ್ರ ಮರಳಲಿಲ್ಲ, ಮರಳುವುದೂ ಇಲ್ಲ. ಅದಕ್ಕೆ ನಾನು ಚೆಟ್ರಿಯ ಹೆಡರ್‌ಗಳನ್ನು ಮತ್ತೆ ಮತ್ತೆ ನೋಡಿದೆ. ಅವರು ಎತ್ತರದ ಆಟಗಾರರಲ್ಲ. ಆದರೆ ಡಿಫೆಂಡರ್‌ನ ಬೆನ್ನ ಹಿಂದೆ, ಅವನ ಕಣ್ಣಿಗೆ ಬೀಳದ ಕಡೆ ನಿಂತಿರುತ್ತಾರೆ. ಕ್ರಾಸ್ ಮಾಡುವವನು ತಲೆ ತಗ್ಗಿಸಿ ಚೆಂಡು ನೋಡಿದ ಕ್ಷಣ ಒಂದೂವರೆ ಹೆಜ್ಜೆ ಮುಂದೆ ಬರುತ್ತಾರೆ. ಅಷ್ಟೇ ಓಟ. ಹುಡುಗನಿಗೂ ನನಗೂ ಅದೇ ಪಾಠವಾಯಿತು. ಹತ್ತಿರದ ಗೋಲುಕಂಬದಿಂದ ಐದು ಹೆಜ್ಜೆ ದೂರದಲ್ಲಿ ನನ್ನ ಚಪ್ಪಲಿಗಳನ್ನು ಇಟ್ಟು ಗುರುತು ಮಾಡುತ್ತಿದ್ದೆ. ಹಿಂದೆ ನಿಲ್ಲುವುದು, ಕಾಯುವುದು, ಚಪ್ಪಲಿಯ ಬಳಿ ಚೆಂಡನ್ನು ಸೇರುವುದು. ಹುಡುಗನಿಗೆ ಕಾಯುವುದೇ ಕಷ್ಟ. ಪ್ರತಿ ಸಲವೂ ಚೆಂಡಿಗಿಂತ ಮೊದಲೇ ಅಲ್ಲಿರುತ್ತಿದ್ದ.

ಮೈಯನ್ನು ಒಲಿಸಿಕೊಂಡದ್ದಕ್ಕಿಂತ ಜನರನ್ನು ಎದುರಿಸಿದ್ದು ದೊಡ್ಡದು. ಮರಳುವ ಸುದ್ದಿ ಬೇರೆಯವರ ಬಾಯಿಂದ ಹೋಗಬಾರದೆಂದು ನಾನೇ ಅಂಗಡಿಗೆ ಹೋಗಿ ಹೇಳಿದೆ. ಮಾರ್ಚ್‌ನಲ್ಲಿ ನಾನು ಆಡಿದ ಮಾತನ್ನು ಒಬ್ಬ ನೆನಪಿಸಿದ. ನಾನು ಆ ಮಾತು ತಪ್ಪೆನ್ನಲಿಲ್ಲ. ಇಪ್ಪತ್ತರವನನ್ನು ನಂಬುವವರು ಬೇಕು ಎಂಬುದು ಈಗಲೂ ನನ್ನ ಮಾತೇ ಎಂದೆ. ರೈಲ್ವೆಯ ಹಿರಿಯರ ಬಳಿ ಹೋಗಿ ಅವರ ಪಕ್ಕ ಕುಳಿತೆ. "ಕಳೆದ ವರ್ಷ ನೀವು ಕೊಟ್ಟ ಹಾರಕ್ಕೆ ನಾನು ಋಣಿ. ಈಗ ಬರುತ್ತಿರುವುದಕ್ಕೆ ಹಾರ ಬೇಡ, ಹೋಗುವಾಗಲೂ ಬೇಡ" ಎಂದೆ. ಅವರು ನನ್ನ ಬೆನ್ನು ತಟ್ಟಲಿಲ್ಲ, ಬೇಸರವನ್ನು ಮುಚ್ಚಿಡಲೂ ಇಲ್ಲ. ಪಂದ್ಯಕ್ಕೆ ಬರುತ್ತೇನೆ ಎಂದರು. ನನಗೆ ಅಷ್ಟು ಸಾಕಿತ್ತು.

ಹುಡುಗನ ತಂದೆಯ ಎದುರು ನಿಂತದ್ದು ಬೇರೆಯೇ. ಅವರು ಜೀನ್ಸ್ ಘಟಕವೊಂದರಲ್ಲಿ ಬಟ್ಟೆ ಕತ್ತರಿಸುವ ಕೆಲಸದವರು. ಶಾಲೆಯ ಗೇಟಿನ ಬಳಿ ಸೈಕಲ್ ನಿಲ್ಲಿಸಿ ಕಾಯುತ್ತಿದ್ದರು. "ಸರ್, ಆಟ ಕಲಿಸಿದವರು ನೀವೇ. ಈಗ ಅವನ ಜಾಗಕ್ಕೂ ನೀವೇ ಬಂದರೆ ನಾನು ಅವನಿಗೆ ಏನು ಹೇಳಲಿ?" ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಇನ್ನಷ್ಟು ನೋವಾಯಿತು. ಜೇಬಿನಲ್ಲಿದ್ದ ಹಾಳೆಯನ್ನು ತೆಗೆದು ಓದಿ ಹೇಳಿದೆ. ಅವರು ಕೈ ಚಾಚಿದರು: "ಇದು ನನ್ನ ಬಳಿ ಇರಲಿ, ಸರ್." ಕೊಟ್ಟೆ. ಅವರು ಅದನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು. ಮಾತು ಕೊಟ್ಟವನ ಬಳಿಗಿಂತ ಅದನ್ನು ಪಡೆದವನ ಬಳಿ ಹಾಳೆ ಇದ್ದದ್ದೇ ಒಳ್ಳೆಯದಾಯಿತು.

ಆಗಸ್ಟ್ ಟೂರ್ನಿಯಲ್ಲಿ ಮೊದಲ ಪಂದ್ಯ ಸುಲಭವಾಗಿ ಗೆದ್ದೆವು. ನಾನು ಗೋಲು ಹೊಡೆಯಲಿಲ್ಲ. ಎರಡನೆಯದರಲ್ಲಿ ಹುಡುಗ ಒಂದು ಹೊಡೆದ. ಸೆಮಿಫೈನಲ್ ಹೊಸಪೇಟೆಯ ತಂಡದ ವಿರುದ್ಧ. 31ನೇ ನಿಮಿಷದಲ್ಲಿ ಬಲಗಡೆಯಿಂದ ಬಂದ ಕ್ರಾಸ್‌ಗೆ ಹತ್ತಿರದ ಕಂಬದ ಬಳಿ, ಚಪ್ಪಲಿ ಇಡುತ್ತಿದ್ದ ಆ ಜಾಗದಲ್ಲೇ, ತಲೆ ಕೊಟ್ಟೆ. ಚೆಂಡು ಬಲೆ ಸೇರಿತು. ಮಣ್ಣಿನಲ್ಲಿ ಬಿದ್ದವನನ್ನು ಎತ್ತಲು ಮೊದಲು ಬಂದದ್ದು ಬದಲಿ ಆಟಗಾರರ ಬೆಂಚಿನಿಂದ ಓಡಿಬಂದ ಆ ಹುಡುಗ. ಆ ಸಂತೋಷವನ್ನು ನಾನು ಯಾರೊಂದಿಗೂ ವಾದಿಸಿ ಸಮರ್ಥಿಸುವುದಿಲ್ಲ.

ದ್ವಿತೀಯಾರ್ಧದಲ್ಲಿ ಅವರು ಸಮ ಮಾಡಿದರು. ಗಡಿಯಾರ 60 ಮುಟ್ಟಿತು. ನಾಯಕ ಕೈಯಾಡಿಸಿ ಇನ್ನು ಹತ್ತು ನಿಮಿಷ ಎಂದ. ಗೆರೆಯ ಆಚೆ ಹುಡುಗನ ತಂದೆ ನಿಂತಿದ್ದರು. ಜೇಬಿಗೆ ಕೈ ಹಾಕಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು. ನಾನು ಹೊರಗೆ ನಡೆದೆ. ಮರಳಿದ್ದಕ್ಕೆ ಬೈದಿದ್ದವರೇ ಈಗ ಹೊರಟದ್ದಕ್ಕೆ ಕೂಗಿದರು: "ಸರ್, ಕೈ ಕೊಟ್ಟಿರಿ!" ಅದು ಇಂದಿಗೂ ಕಿವಿಯಲ್ಲಿದೆ. 72ನೇ ನಿಮಿಷದಲ್ಲಿ ಹುಡುಗನಿಗೆ ಅಂಥದ್ದೇ ಕ್ರಾಸ್ ಬಂತು. ಅವನು ಈ ಸಲ ಕಾದ, ಸರಿಯಾದ ಕ್ಷಣಕ್ಕೆ ಹೆಜ್ಜೆ ಇಟ್ಟ, ಚೆಂಡು ಅಡ್ಡಪಟ್ಟಿಗೆ ಬಡಿದು ಮೇಲೆ ಹೋಯಿತು. ಪೆನಾಲ್ಟಿ ಶೂಟೌಟ್‌ನಲ್ಲಿ ಸೋತೆವು. ನಾನು ಒಳಗಿದ್ದಿದ್ದರೆ ಗೆಲ್ಲುತ್ತಿದ್ದೆವು ಎಂದು ಊರಿನ ಅರ್ಧ ಜನ ಇಂದಿಗೂ ನಂಬಿದ್ದಾರೆ. ನನ್ನ ಕಾಲುಗಳಲ್ಲಿ ಆ ಹೊತ್ತಿಗೆ ಏನೂ ಉಳಿದಿರಲಿಲ್ಲ ಎಂಬುದು ನನಗೆ ಗೊತ್ತು. ಉಳಿದಿದ್ದರೂ ನಾನು ಹೊರಗೆ ಬರುತ್ತಿದ್ದೆ.

ಅಕ್ಟೋಬರ್ 14ರಂದು ಗೋವಾದಲ್ಲಿ ಭಾರತ ಸಿಂಗಪುರಕ್ಕೆ 1-2ರಿಂದ ಸೋತು ಏಷ್ಯಾ ಕಪ್ ದಾರಿ ಮುಚ್ಚಿತು. ಅದಾದ ಮೇಲೆ ಚೆಟ್ರಿ ಅಂತಾರಾಷ್ಟ್ರೀಯ ಆಟಕ್ಕೆ ಎರಡನೆಯ ಸಲ ವಿದಾಯ ಹೇಳಿದರು. ಈ ಸಲ ಸಾಲ್ಟ್ ಲೇಕ್‌ನಂಥ ರಾತ್ರಿ ಇರಲಿಲ್ಲ. ಅಂಗಡಿಯ ಮುಂದೆ ಮತ್ತೆ ವಾದ ನಡೆಯಿತು: ಬರಬಾರದಿತ್ತು, ಬಂದದ್ದೇ ದೊಡ್ಡತನ. ತಂಡಕ್ಕೆ ಅಗತ್ಯವಿದೆ ಎಂದಾಗ, ಸೋತರೆ ತನ್ನ ಹೆಸರಿಗೇ ಮಸಿ ಎಂದು ತಿಳಿದೂ ಬಂದರಲ್ಲ, ನಾನು ಅದನ್ನು ಗೌರವಿಸುತ್ತೇನೆ. ಅವರನ್ನು ಮರಳಿ ಕರೆಯಬೇಕಾದ ಸ್ಥಿತಿಗೆ ನಮ್ಮ ಆಟ ಬಂದದ್ದಕ್ಕೆ ನನ್ನ ಸಿಟ್ಟು ಹಾಗೆಯೇ ಇದೆ. ಎರಡನ್ನೂ ಹೇಳಿದೆ. ಮೂಲೆಯ ಬೆಂಚಿನ ಹಿರಿಯರು ಪಕ್ಕಕ್ಕೆ ಸರಿದು ಜಾಗ ಮಾಡಿದರು.

ಅಕ್ಟೋಬರ್ 31ಕ್ಕೆ ಶಾಲು ಇರಲಿಲ್ಲ, ಭಾಷಣವೂ ಇರಲಿಲ್ಲ. ಹುಡುಗನ ತಂದೆ ಶಾಲೆಗೆ ಬಂದು ಹಾಳೆಯನ್ನು ಹಿಂದಿರುಗಿಸಿದರು. ಮಡಿಕೆಗಳಲ್ಲಿ ನೀಲಿ ಬಣ್ಣ ಹತ್ತಿತ್ತು. ನವೆಂಬರ್ ಮೊದಲ ಸೋಮವಾರ ಅಭ್ಯಾಸ ಮಾಡಿಸಲೆಂದು ಬೆಳಿಗ್ಗೆ ಐದೂವರೆಗೆ ಮೈದಾನಕ್ಕೆ ಹೋದೆ. ಹುಡುಗ ಆಗಲೇ ಬಂದಿದ್ದ. ಹತ್ತಿರದ ಕಂಬದಿಂದ ಐದು ಹೆಜ್ಜೆ ಅಳೆದು, ತನ್ನ ಚಪ್ಪಲಿಗಳನ್ನು ಬಿಟ್ಟಿದ್ದ.