ಹೋಪಿ ಊರಿನ ಕುಣಿತಕ್ಕೆ ಹೋಗುವ ಮುನ್ನ

ಮಕ್ಕಳನ್ನು ನೋಡಲು ಬೆಂಗಳೂರಿನಿಂದ ಫೀನಿಕ್ಸ್‌ಗೆ ಹೋಗುವ ಅಪ್ಪ ಅಮ್ಮಂದಿರ ಪಟ್ಟಿಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಇದ್ದೇ ಇರುತ್ತದೆ. ಅದರ ಪೂರ್ವಕ್ಕೆ, ಅರಿಜೋನಾದ ಈಶಾನ್ಯ ಭಾಗದಲ್ಲಿ, ಚಪ್ಪಟೆ ತಲೆಯ ಮೂರು ಬೆಟ್ಟಗಳ ಆಸುಪಾಸಿನಲ್ಲಿ ಹೋಪಿ ಎಂಬ ಅಮೆರಿಕದ ಮೂಲನಿವಾಸಿ ಜನರ 12 ಊರುಗಳಿವೆ. ಈ ಬೆಟ್ಟಗಳನ್ನು ಮೇಸಾ ಎನ್ನುತ್ತಾರೆ. ಅಲ್ಲಿನ ಕುಣಿತಕ್ಕೆ ಟಿಕೆಟ್ಟಿಲ್ಲ, ವೇದಿಕೆಯಿಲ್ಲ, ನಿರೂಪಕರಿಲ್ಲ. ಮಳೆಗೂ ಬೆಳೆಗೂ ಊರು ಮಾಡುವ ಪ್ರಾರ್ಥನೆ ಅದು. ತಿಗಳರಪೇಟೆಯ ಕರಗದಲ್ಲಿ ವೀರಕುಮಾರರು ಯಾರ ಮನೆಯ ಮಕ್ಕಳು ಎಂಬುದು ಪೇಟೆಯವರಿಗೆ ಗೊತ್ತಿರುವ ಹಾಗೆ, ಹೋಪಿ ಊರಿನ ಪ್ರತಿ ಆಚರಣೆಯ ಹಿಂದೆಯೂ ಒಂದು ಮನೆತನ ನಿಂತಿರುತ್ತದೆ. ಅದನ್ನು ತಿಳಿದುಕೊಂಡರೆ ಅಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದು ಅರ್ಧ ತಿಳಿದಂತೆ.

ಆದ್ದರಿಂದ ಮೊದಲು ಮನೆತನದ ವಿಷಯ. ತುಳುನಾಡಿನ ಬಳಿಯನ್ನು, ಅಂದರೆ ಕುಲವನ್ನು, ಬಲ್ಲವರಿಗೆ ಇದು ಕಷ್ಟವಲ್ಲ. ಹೋಪಿಗಳ ಬಳಿಯೂ ತಾಯಿಯಿಂದ ಬರುತ್ತದೆ. ಕರಡಿ, ಸೂರ್ಯ, ಜೋಳ, ಹಾವು, ಹದ್ದು, ತಂಬಾಕು ಹೀಗೆ ಬಳಿಗಳ ಹೆಸರು. ಕರಡಿ ಬಳಿಯ ಗಂಡಸಿನ ಮಕ್ಕಳು ಕರಡಿ ಬಳಿಯವರಲ್ಲ, ಅವರ ತಾಯಿಯ ಬಳಿಯವರು. ಒಂದೇ ಬಳಿಯೊಳಗೆ ಮದುವೆಯಿಲ್ಲ. ಮನೆ ಹೆಂಗಸರದು, ಗಂಡ ಮದುವೆಯಾಗಿ ಹೆಂಡತಿಯ ಮನೆಗೆ ಬರುತ್ತಾನೆ. ಆದರೆ ಆಚರಣೆ ಬಂತೆಂದರೆ ತನ್ನ ಅಕ್ಕತಂಗಿಯರ ಮನೆಗೆ ಹೋಗುತ್ತಾನೆ. ಬಳಿಯ ಪೂಜಾವಸ್ತುಗಳು ಇರುವುದು ಅಲ್ಲೇ. ಅವನ್ನು ಕಾಯುವವಳು ಮನೆಯ ಹಿರಿಯಾಕೆ, ಆಚರಣೆ ನಡೆಸುವವನು ಆಕೆಯ ಅಣ್ಣ ಅಥವಾ ತಮ್ಮ. ಹುಡುಗರಿಗೆ ಬುದ್ಧಿ ಹೇಳಿ, ಗದರಿ ತಿದ್ದುವ ಹೊಣೆ ತಂದೆಗಿಂತ ಸೋದರಮಾವನದು.

ತಂದೆಯ ಕಡೆಯವರು ಸುಮ್ಮನೆ ಕೂತಿರುವುದಿಲ್ಲ. ಮಗು ಹುಟ್ಟಿದ 20ನೇ ದಿನ ಬೆಳಗಿನ ಜಾವ ಅದನ್ನು ಸೂರ್ಯನಿಗೆ ತೋರಿಸಿ ಹೆಸರಿಡುವವರು ತಂದೆಯ ತಾಯಿ ಮತ್ತು ಸೋದರತ್ತೆಯರು. ಹೆಸರು ತಂದೆಯ ಬಳಿಗೆ ಸಂಬಂಧಪಟ್ಟಿರುತ್ತದೆ. ನಮ್ಮಲ್ಲೂ ತೊಟ್ಟಿಲ ಬಳಿ ನಿಂತು ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆಯೇ ಅಲ್ಲವೇ.

ಯಾವಾಗ ಹೋಗಬೇಕು? ಕಾಟ್ಸಿನಗಳು ಮಳೆಯನ್ನೂ ಆಶೀರ್ವಾದವನ್ನೂ ತರುವ ಪವಿತ್ರ ಚೇತನಗಳು. ಚಳಿಗಾಲದಲ್ಲಿ ಊರಿಗೆ ಬಂದು, ಜುಲೈ ಹೊತ್ತಿಗೆ ನಿಮಾನ್ ಎಂಬ ಬೀಳ್ಕೊಡುಗೆಯ ಕುಣಿತ ಮುಗಿಸಿ ಫ್ಲಾಗ್‌ಸ್ಟಾಫ್ ಬಳಿಯ ಸ್ಯಾನ್ ಫ್ರಾನ್ಸಿಸ್ಕೋ ಶಿಖರಗಳಿಗೆ ಮರಳುತ್ತವೆ. ಈ ಕುಣಿತಗಳು ಹಲವು ಊರುಗಳಲ್ಲಿ ಹೊರಗಿನವರಿಗೆ ಮುಚ್ಚಿವೆ. 1992ರಲ್ಲಿ ಒಂದು ಅಮೆರಿಕನ್ ಕಾಮಿಕ್ ಪುಸ್ತಕ ಕೇಡಿಗಳಿಗೆ ಕಾಟ್ಸಿನ ವೇಷ ತೊಡಿಸಿ ಚಿತ್ರಿಸಿದ್ದು ಬಾಗಿಲು ಮುಚ್ಚಲು ಒಂದು ಕಾರಣ. ಹಾವಿನ ಕುಣಿತದ ಬಗ್ಗೆ ಕೇಳಲೂ ಹೋಗಬೇಡಿ. ಹೊಸಬರಿಗೆ ಸೂಕ್ತವಾದದ್ದು ಬೇಸಿಗೆಯ ಕೊನೆಯಲ್ಲಿ ನಡೆಯುವ ಚಿಟ್ಟೆ ಕುಣಿತ. ಅದು ಊರೊಟ್ಟಿನ ಸಾಮಾಜಿಕ ಕುಣಿತ. ಹೊರಗಿನವರಿಗೆ ತೆರೆದಿರುವುದು ಹೆಚ್ಚು. ಇದರಲ್ಲಿ ಹುಡುಗಿಯ ಜೊತೆಗಾರ ಯಾರೋ ಒಬ್ಬನಲ್ಲ, ಸೋದರತ್ತೆ–ಅಳಿಯ ಎಂಬ ಲೆಕ್ಕದ ಸಂಬಂಧಿಕ. ಅವಳ ತಲೆಯ ಮೇಲಿನ ಎತ್ತರದ ಅಲಂಕಾರವನ್ನು ಸಿದ್ಧಮಾಡುವುದು ಅವನ ಕೆಲಸ.

ತಾರೀಖನ್ನು ತಿಂಗಳುಗಟ್ಟಲೆ ಮೊದಲೇ ಇಂಟರ್ನೆಟ್ಟಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಹೆಚ್ಚಾಗಿ ಶನಿವಾರ, ಭಾನುವಾರ ನಡೆಯುತ್ತವೆ. ಆ ವಾರ ಆಯಾ ಊರಿನ ಕಚೇರಿಗೆ ಫೋನ್ ಮಾಡಿ, ಅಥವಾ ಸೆಕೆಂಡ್ ಮೇಸಾದ ಹೋಪಿ ಕಲ್ಚರಲ್ ಸೆಂಟರಿನಲ್ಲಿ ಕೇಳಿ: ಯಾವ ಊರಲ್ಲಿದೆ, ಹೊರಗಿನವರು ಬರಬಹುದೇ? ಬೇಡ ಎಂದರೆ ಮರುಮಾತಾಡದೆ ಬಿಟ್ಟುಬಿಡಿ. ಊರ ಬಾಗಿಲಲ್ಲಿ ಬೋರ್ಡ್ ಇದ್ದರೆ ಫೋನಿನಲ್ಲಿ ಹೇಳಿದ್ದಕ್ಕಿಂತ ಬೋರ್ಡಿನ ಮಾತೇ ಮೇಲು.

ಫೀನಿಕ್ಸ್‌ನಿಂದ ಕಾರಿನಲ್ಲಿ ನಾಲ್ಕು ಗಂಟೆಯ ಮೇಲೆ ಬೇಕು. ವಿನ್‌ಸ್ಲೋ ಊರಿನಲ್ಲಿ ಪೆಟ್ರೋಲ್ ತುಂಬಿಸಿ, 87ನೇ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ಹೋಪಿ ಊರುಗಳ ಕಡೆಗೆ ಹೋಗುವ 264ನೇ ರಸ್ತೆ ಸಿಗುತ್ತದೆ. ಇಲ್ಲಿ ಬಹಳ ಜನ ಎಡವುವುದು ಗಡಿಯಾರದಲ್ಲಿ. ಬೇಸಿಗೆಯಲ್ಲಿ ಸುತ್ತಲಿನ ನವಾಹೋ ಎಂಬ ಇನ್ನೊಂದು ಮೂಲನಿವಾಸಿ ಜನರ ಸೀಮೆಯವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಹೋಪಿಗಳು ಇಡುವುದಿಲ್ಲ. ಫೋನ್ ಅತ್ತಿತ್ತ ಜಿಗಿಯುತ್ತದೆ. ಕೈಗಡಿಯಾರಕ್ಕೆ ಫೀನಿಕ್ಸ್ ಸಮಯ ಇಟ್ಟುಕೊಂಡು ಅದನ್ನೇ ನಂಬಿ. ಹೇಗಿದ್ದರೂ ಫೋನು ಕಾರಿನಲ್ಲೇ ಉಳಿಯಬೇಕು. ಫೋಟೋ, ವಿಡಿಯೋ, ಧ್ವನಿಮುದ್ರಣ ಮಾತ್ರವಲ್ಲ, ಚಿತ್ರ ಬರೆಯುವುದು, ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವುದೂ ನಿಷಿದ್ಧ. ಕೈಯಲ್ಲಿ ಸುಮ್ಮನೆ ಹಿಡಿದ ಫೋನು ಕೂಡ ಅನುಮಾನಕ್ಕೆ ಸಾಕು. ಹೋಪಿ ಸೀಮೆಗೆ ಮದ್ಯ ತರುವಂತಿಲ್ಲ. ಚಡ್ಡಿ, ತೋಳಿಲ್ಲದ ಬಟ್ಟೆ ಬೇಡ. ಸೀರೆ, ಸಲ್ವಾರ್ ಧಾರಾಳವಾಗಿ ಆಗುತ್ತದೆ.

ಊರ ನಡುವಿನ ಅಂಗಳದ ಸುತ್ತ ಬೆಳಿಗ್ಗೆಯೇ ಕುರ್ಚಿಗಳನ್ನು ಇಟ್ಟಿರುತ್ತಾರೆ. ಖಾಲಿ ಕಂಡರೂ ಅವು ಮನೆಮನೆಯವರ ಜಾಗ. ನೀವು ಹಿಂದೆ ನಿಲ್ಲಿ. ಮಾಳಿಗೆ ಹತ್ತಬೇಕಾದರೆ ಮನೆಯವರು ಕರೆಯಬೇಕು. ಏಣಿ ಹೊರಚಾಚಿದ ನೆಲಮಾಳಿಗೆ ಕಂಡರೆ ಅದು ಕೀವ, ಆಚರಣೆಯ ಕೋಣೆ, ಹತ್ತಿರ ಹೋಗಬೇಡಿ.

ಕಾಟ್ಸಿನ ಕುಣಿತಕ್ಕೆ ಪ್ರವೇಶ ಸಿಕ್ಕರೆ ಇಡೀ ದಿನ ಮೀಸಲಿಡಿ. ಬೆಳಿಗ್ಗೆಯಿಂದ ಸೂರ್ಯ ಮುಳುಗುವವರೆಗೆ, ನಡುನಡುವೆ ವಿರಾಮ ಕೊಟ್ಟು, ಸುತ್ತಿನ ಮೇಲೆ ಸುತ್ತು ನಡೆಯುತ್ತದೆ. ಸಾಲಿನ ಮಧ್ಯದಲ್ಲಿರುವವರನ್ನು ಗಮನಿಸಿ, ಹಾಡೂ ಹೆಜ್ಜೆಯೂ ಅಲ್ಲಿಂದ ಹೊರಡುತ್ತವೆ. ಕಾಲಿಗೆ ಕಟ್ಟಿದ ಆಮೆ ಚಿಪ್ಪಿನ ಗಿಲಕಿ ಹೆಜ್ಜೆಗೆ ತಾಳ ಹಾಕುತ್ತದೆ. ಸಾಲಿನುದ್ದಕ್ಕೂ ಜೋಳದ ಹಿಟ್ಟು ಉದುರಿಸುತ್ತ ನಡೆಯುವ ಹಿರಿಯರನ್ನು "ಕಾಟ್ಸಿನಗಳ ತಂದೆ" ಎನ್ನುತ್ತಾರೆ. ಒಂದು ಸುತ್ತು ನೋಡಿ "ಎಲ್ಲಾ ಒಂದೇ ತರ" ಎಂದು ಎದ್ದು ಬರುವವರು ನಿಮಾನ್‌ನ ಕೊನೆಯನ್ನು ಕಳೆದುಕೊಳ್ಳುತ್ತಾರೆ: ಆ ವರ್ಷ ಮದುವೆಯಾದ ಹೆಣ್ಣುಮಕ್ಕಳು ಬಿಳಿ ಹತ್ತಿಯ ಹೊದಿಕೆಯಲ್ಲಿ ಅಂಗಳಕ್ಕೆ ಬರುತ್ತಾರೆ. ಆ ಹೊದಿಕೆಯನ್ನು ಕೈಯಾರೆ ನೇಯ್ದವರು ಗಂಡನ ಕಡೆಯ ಗಂಡಸರು. ಎರಡು ಬಳಿಗಳ ಋಣ ಕಣ್ಣಿಗೆ ಕಾಣುವುದು ಅಲ್ಲಿ.

ಚಪ್ಪಾಳೆ ಬೇಡ. "ವೇಷ", "ಮುಖವಾಡ" ಎಂಬ ಮಾತನ್ನು ಅಲ್ಲಿ ಆಡಬೇಡಿ. "ಇವರು ಯಾರು" ಎಂದು ಕೇಳಲೇಬೇಡಿ. ಪಕ್ಕದಲ್ಲಿ ಚಿಕ್ಕ ಮಕ್ಕಳು ಕೂತಿರುತ್ತಾರೆ, ಅವರಿಗೆ ಯಾವುದನ್ನು ಯಾವಾಗ ತಿಳಿಸಬೇಕೆಂಬುದು ಅವರ ಹಿರಿಯರ ಹಕ್ಕು.

ಯಾರಾದರೂ ಮನೆಗೆ ಊಟಕ್ಕೆ ಕರೆದರೆ ಹೋಗಿ, ಉಂಡು, ಬೇಗ ಏಳಿ. ಮುಂದಿನ ಪಂಕ್ತಿ ಕಾಯುತ್ತಿರುತ್ತದೆ. ನೊಕ್ಕ್ವಿವಿ ಎಂಬ ಜೋಳದ ಸಾರಿನಲ್ಲಿ ಕುರಿಮಾಂಸ ಇರುತ್ತದೆ. ಸಸ್ಯಾಹಾರಿಗಳು ಮೊದಲೇ ಮೆಲ್ಲಗೆ ಹೇಳಿ ಪೀಕಿ ತೆಗೆದುಕೊಳ್ಳಬಹುದು. ನೀಲಿ ಜೋಳದ ಹಿಟ್ಟಿಗೆ ಬೂದಿ ನೀರು ಬೆರೆಸಿ, ಕಾದ ಕಲ್ಲಿನ ಮೇಲೆ ಬರಿಗೈಯಲ್ಲಿ ಸವರಿ ತೆಗೆದು ಸುತ್ತಿದ ಅದು ಮಲೆನಾಡಿನ ತೊಡದೇವಿನಷ್ಟೇ ತೆಳು, ಸಿಹಿ ಮಾತ್ರ ಇಲ್ಲ. ಬರಿಗೈಯಲ್ಲಿ ಹೋಗದೆ ಹಣ್ಣನ್ನೋ ಕಾಫಿ ಪುಡಿಯನ್ನೋ ಒಯ್ಯಿರಿ. ಧನ್ಯವಾದಕ್ಕೆ ಹೆಂಗಸರು ಹೇಳುವುದು "ಅಸ್ಕ್ವಲಿ", ಗಂಡಸರು "ಕ್ವಕ್ವಾ". ಅದಲುಬದಲು ಮಾಡಿದರೆ ಮನೆಯವರು ನಕ್ಕು ತಿದ್ದುತ್ತಾರೆ.

ಕಾಟ್ಸಿನ ಗೊಂಬೆ ಕೊಳ್ಳುವುದಿದ್ದರೆ ಕೆತ್ತಿದವರ ಕೈಯಿಂದಲೇ ಕೊಳ್ಳಿ, ಕಾಟನ್‌ವುಡ್ ಮರದ ಬೇರಿನದೇ ಎಂದು ಕೇಳಿ. ಹದ್ದಿನ ಅಥವಾ ಬೇರೆ ಕಾಡುಹಕ್ಕಿಯ ಗರಿ ಅಂಟಿಸಿದ್ದನ್ನು ಬಿಡಿ. ಅಮೆರಿಕದ ವನ್ಯಪಕ್ಷಿ ಕಾನೂನಿನ ಪ್ರಕಾರ ಅದು ವಿಮಾನ ನಿಲ್ದಾಣದಲ್ಲೇ ಉಳಿದೀತು. ದಾರಿಬದಿಯಲ್ಲಿ, ಬಂಡೆಯ ಸಂದಿಯಲ್ಲಿ ಕಟ್ಟಿಟ್ಟ ಗರಿ ಕಂಡರೆ ಅದು ಯಾರದೋ ಪ್ರಾರ್ಥನೆ, ಮುಟ್ಟಬೇಡಿ.