ದಾದರಿನಿಂದ ಡೊಂಬಿವಲಿಯವರೆಗೆ: ನಮ್ಮ ಹೋಟೆಲುಗಳು

1942ರಲ್ಲಿ ರಾಮ ನಾಯಕರು ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಕಾಲದಿಂದಲೂ ಮುಂಬಯಿಯಲ್ಲಿ ನಮ್ಮವರ ಹೋಟೆಲುಗಳು ನಡೆದುಬಂದಿರುವುದು ಊರಿನಿಂದ ಬಂದ ಹುಡುಗರ ಬಲದಿಂದ. ಕ್ಲೀನರ್ ಆಗಿ ಸೇರಿದವನು ಸಪ್ಲೈಯರ್ ಆಗಿ, ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಕಡೆಗೆ ಗಲ್ಲಾದಲ್ಲಿ ಕೂರುತ್ತಿದ್ದ. ಒಳ್ಳೆಯ ಕೆಲಸಗಾರನಿಗೆ ಮಾಲಿಕರೇ ಪಾಲು ಕೊಟ್ಟು ಹೊಸ ಹೋಟೆಲು ಹಾಕಿಸುತ್ತಿದ್ದರು. ನನ್ನ ತಂದೆಯವರು ದಾದರಿನಲ್ಲಿ ನೆಲೆಯೂರಿದ್ದೂ ಹೀಗೆಯೇ.

ದಾದರಿನ ಸಣ್ಣ ಖೋಲಿಗಳನ್ನು ಬಿಟ್ಟು ಗಿರಾಕಿ ಕುಟುಂಬಗಳು ಲೋಕಲ್ ರೈಲಿನ ಸೆಂಟ್ರಲ್ ಲೈನಿನ ಉದ್ದಕ್ಕೂ ಹೊರಟಾಗ ನಾನೂ ಭಾವನೂ ಸೇರಿ ಮುಲುಂಡ್, ಠಾಣೆ, ಡೊಂಬಿವಲಿಗಳಲ್ಲಿ ಶಾಖೆ ತೆರೆದೆವು. ನಾಲ್ಕೂ ಕಡೆ ಒಂದೇ ರುಚಿ ಇರಬೇಕೆಂದು ಮುಲುಂಡಿನಲ್ಲೇ ಹಿಟ್ಟು ರುಬ್ಬಿ ಟೆಂಪೋದಲ್ಲಿ ಕಳುಹಿಸತೊಡಗಿದೆವು. ಮೇ ತಿಂಗಳ ಸೆಖೆಗೆ ಹುದುಗಿ ಉಬ್ಬಿದ ಹಿಟ್ಟು ದಾರಿಯುದ್ದಕ್ಕೂ ಕುಲುಕಿ, ಒಳಗಿನ ಗಾಳಿ ಹೋಗಿ, ಇಡ್ಲಿ ಚಪ್ಪಟೆಯಾಗುತ್ತಿತ್ತು. ಹಾಗಾಗಿ ಐಸ್ ನೀರು ಹಾಕಿ ರುಬ್ಬಿಸಿ, ಹುಳಿ ಬರುವ ಮೊದಲೇ ಸಾಗಿಸಿ, ಆಯಾ ಶಾಖೆಯಲ್ಲಿ ರಾತ್ರಿಯಿಡೀ ಇಡುವ ಕ್ರಮಕ್ಕೆ ಬಂದೆವು. ಉಪ್ಪನ್ನು ಮಾತ್ರ ಅಲ್ಲಿನ ಭಟ್ಟರೇ ಅಂದಿನ ಹವೆ ನೋಡಿ ಹಾಕಿ, ಕೈಯಿಂದ ಕಲಸಬೇಕಿತ್ತು. ಈ ಒಂದು ಕೆಲಸ ಬಲ್ಲವರು ಇರುವಷ್ಟು ಕಾಲ ನಾಲ್ಕು ಹೋಟೆಲುಗಳೂ ಚೆನ್ನಾಗಿ ನಡೆದವು.

ಊರಿನ ಮಕ್ಕಳು ಓದಿ ಬೆಂಗಳೂರಿಗೂ ಕೊಲ್ಲಿಗೂ ಹೋದದ್ದು ಸಂತೋಷದ ವಿಷಯವೇ. ಆದರೆ ನಿವೃತ್ತರಾದ ಭಟ್ಟರ ಜಾಗಕ್ಕೆ ಯಾರೂ ಬರಲಿಲ್ಲ. ಒಡಿಶಾ, ಝಾರ್ಖಂಡ್‌ಗಳಿಂದ ಬಂದ ಹುಡುಗರ ದುಡಿಮೆಯ ಬಗ್ಗೆ ನನಗೆ ಗೌರವವಿದೆ. ಮುಂದೊಂದು ದಿನ ಪಾಲುದಾರರಾಗುವ ಆಸೆಯನ್ನು ಮಾಲಿಕರಾದ ನಾವು ಯಾರೂ ಅವರಿಗೆ ತೋರಿಸದಿದ್ದುದರಿಂದ ಅವರು ಹೆಚ್ಚು ಸಂಬಳ ಕೊಡುವ ಕಡೆಗೆ ಹೋದರು, ಅಷ್ಟೆ.

ಇದರ ಜೊತೆಗೆ ಬಾಡಿಗೆಯ ಹೊರೆ. ದಾದರಿನದು ಹಳೆಯ ಪಗಡಿ ಜಾಗ, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಆಮೇಲೆ ಅಲ್ಪ ಬಾಡಿಗೆಗೆ ಹಿಡಿದದ್ದು. ಉಳಿದ ಮೂರೂ ಲೀವ್ ಅಂಡ್ ಲೈಸೆನ್ಸ್ ಕರಾರಿನವು, ಅಂದರೆ ನಿಗದಿತ ಅವಧಿಗೆ ಮಾತ್ರ ಬಾಡಿಗೆಗೆ ಸಿಕ್ಕವು. 2017ರ ನವೆಂಬರ್ 15ರಿಂದ ಹೋಟೆಲ್ ಬಿಲ್ಲಿನ ಜಿಎಸ್‌ಟಿ ಶೇ. 5ಕ್ಕೆ ಇಳಿದು ಗಿರಾಕಿಗಳಿಗೆ ಹಗುರವಾಯಿತು. ಆದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ನಾವು ಖರ್ಚುಗಳ ಮೇಲೆ ತೆತ್ತ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ, ತಪ್ಪಿದ್ದರಿಂದ, ಬಾಡಿಗೆಯ ಮೇಲೆ ನಾವು ತೆರುತ್ತಿದ್ದ ಶೇ. 18 ತೆರಿಗೆ ಪೂರ್ತಿ ನಮ್ಮ ಖರ್ಚಿಗೇ ಬಂತು. ಪಾರ್ಸೆಲ್ ಆ್ಯಪ್‌ಗಳ ಕಮಿಷನ್ ಬೇರೆ. ದೋಸೆಯಂತೂ ಡಬ್ಬಿಯೊಳಗಿನ ಹಬೆಗೆ ಮೆತ್ತಗಾಗಿಯೇ ಮನೆ ಸೇರುತ್ತಿತ್ತು.

2020ರ ಮಾರ್ಚಿನಲ್ಲಿ ಮುಚ್ಚಿದ ಠಾಣೆ, ಡೊಂಬಿವಲಿಯ ಶಾಖೆಗಳನ್ನು ಮತ್ತೆ ತೆರೆಯಲಾಗಲಿಲ್ಲ. ಮುಲುಂಡಿನದನ್ನು ಅಲ್ಲಿ ಬಹುಕಾಲ ದುಡಿದ ಮ್ಯಾನೇಜರರಿಗೇ ಒಪ್ಪಿಸಿದೆವು. ದಾದರಿನಲ್ಲಿ ಈಗ ಹಿಟ್ಟಿನ ಹೊಣೆ ಝಾರ್ಖಂಡಿನ ಯುವಕನೊಬ್ಬನದು. ಉಪ್ಪಿನ ಹದ ಅವನಿಗೆ ಕೈವಶವಾಗಿದೆ. ಅವನಿಗೆ ಲಾಭದಲ್ಲಿ ಪಾಲು ಬರೆದುಕೊಡುವ ಕುರಿತು ಭಾವನೊಡನೆ ಮಾತುಕತೆ ನಡೆಸಿದ್ದೇನೆ.